ಟ್ರ್ಯಾಕ್ ಡೇಯಲ್ಲಿ ಮನೆ ಕಾರಿನ ಬ್ರೇಕ್ ಅತಿಯಾಗಿ ಬಿಸಿಯಾಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ ಕೇಳಿದವರು ಹಾಸನದವರು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಸಾಧಾರಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅವರದ್ದು. ಟ್ರ್ಯಾಕ್ ಡೇ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ. ಅದಕ್ಕೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಮೊದಲ ಸಲ ಹೋಗಿದ್ದಾರೆ. ಐದನೇ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯಿತಂತೆ. ಈಗ ತೂತಿನ ಡಿಸ್ಕ್ ಹಾಕಿಸಲಾ, ಇಲ್ಲ ಫಾಗ್ ಲ್ಯಾಂಪ್ ತೆಗೆಸಿ ಆ ಜಾಗದಿಂದ ಗಾಳಿ ಪೈಪ್ ಎಳೆಸಲಾ ಅಂತ ಕೇಳಿದ್ದಾರೆ.

ಸದ್ಯಕ್ಕೆ ಎರಡೂ ಬೇಡ ಸಾರ್. ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ. ಪೆಡಲ್ ಮೆತ್ತಗಾಯಿತು ಅಂದಿರಲ್ಲ, ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದು ಕಾರು ಮಾತ್ರ ನಿಲ್ಲಲಿಲ್ಲ ಅಂದಿದ್ದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಪ್ಯಾಡ್ ಸೋತಿದೆ ಅನ್ನುತ್ತಿದ್ದೆ. ನಿಮ್ಮದು ಹಾಗಲ್ಲ. ಆಯಿಲ್ ಕುದಿದಿದೆ.

ನಾನು ಮೂಡಿಗೆರೆ ಕಡೆಯವನು. ಟ್ರ್ಯಾಕ್ ಕಾಣುವುದಕ್ಕೂ ಮೊದಲೇ ಕಾದ ಬ್ರೇಕಿನ ವಾಸನೆ ಗೊತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಟಾಪ್ ಗೇರ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಚಾರ್ಮಾಡಿ ಇಳಿಯುವ ಟೂರಿಸ್ಟ್ ಕಾರುಗಳ ಹಿಂದೆ ಒಂದು ಸಲ ಹೋಗಿ ನೋಡಿ, ನಿಮಗೂ ಗೊತ್ತಾಗುತ್ತದೆ.

ಆದರೆ ಘಾಟಿಗೂ ಟ್ರ್ಯಾಕ್‌ಗೂ ಎಷ್ಟು ವ್ಯತ್ಯಾಸ ಅಂತ ನನಗೆ ಅಂದಾಜು ಸಿಕ್ಕಿದ್ದು ಒಂದು ಸಂಜೆ ಸುಮ್ನೆ ಕೂತು ಲೆಕ್ಕ ಹಾಕಿದಾಗ. ನೀವು ಕೂತ ಮೇಲೆ ಕಾರಿನ ತೂಕ 1000 ಕೆ.ಜಿ. ಅಂತ ಇಟ್ಟುಕೊಳ್ಳಿ. 140 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದರೆ ಸುಮಾರು 617 ಕಿಲೋಜೂಲ್ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಶಾಖವಾಗುತ್ತದೆ. ಅದರಲ್ಲಿ ಶೇ. 70ರಷ್ಟು ಮುಂದಿನ ಬ್ರೇಕ್‌ಗಳ ಪಾಲು ಅನ್ನೋಣ. ಒಂದೊಂದು ಡಿಸ್ಕ್ 5 ಕೆ.ಜಿ. ಇದ್ದರೆ, ಒಂದೇ ಒಂದು ಗಟ್ಟಿ ಬ್ರೇಕ್‌ಗೆ ಡಿಸ್ಕ್ ಸುಮಾರು 90 ಡಿಗ್ರಿ ಏರುತ್ತದೆ. ಒಂದು ಸಲಕ್ಕೆ! ಮುಂದಿನ ತಿರುವಿನೊಳಗೆ ಅದರಲ್ಲಿ ಒಂದಷ್ಟು ಗಾಳಿಗೆ ಹೋಗುತ್ತದೆ. ಉಳಿದದ್ದರ ಮೇಲೆ ಮತ್ತೆ 90 ಡಿಗ್ರಿ ಕೂಡುತ್ತದೆ.

ಈಗ ಘಾಟಿ. ಅದೇ ಕಾರು 600 ಮೀಟರ್ ಎತ್ತರದಿಂದ ಕೆಳಗೆ ಇಳಿಯಿತು, ಎಂಜಿನ್ ಬ್ರೇಕ್ ಒಂಚೂರೂ ಬಳಸಲಿಲ್ಲ ಅನ್ನಿ. ಹುಟ್ಟುವ ಶಾಖ ಮೇಲೆ ಹೇಳಿದ ಗಟ್ಟಿ ಬ್ರೇಕ್‌ನ ಒಂಬತ್ತು ಹತ್ತು ಪಟ್ಟು, ಅಷ್ಟೇ. ಟ್ರ್ಯಾಕ್‌ನಲ್ಲಿ ಸುತ್ತಿಗೆ ಎರಡು ಸಲ ಅಂಥ ಬ್ರೇಕ್ ಬಿದ್ದರೆ ಐದು ಸುತ್ತಿಗೇ ಹತ್ತಾಯಿತು. ಕರಿ ಟ್ರ್ಯಾಕ್ ಬರೀ 2.1 ಕಿ.ಮೀ. ಅಂದರೆ ಘಾಟಿಯಲ್ಲಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಹುಟ್ಟುವ ಶಾಖವನ್ನು ನೀವು ಏಳೆಂಟು ನಿಮಿಷದಲ್ಲಿ ಅದೇ ಡಿಸ್ಕ್‌ಗೆ ತುಂಬಿದ್ದೀರಿ. ಐದನೇ ಸುತ್ತಿಗೆ ಕೈಕೊಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಯಿಲ್ ವಿಷಯಕ್ಕೆ ಬರುತ್ತೇನೆ. ನಮ್ಮ ಕಾರುಗಳಿಗೆ ಹಾಕುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುತ್ತದಲ್ಲ, ಹಾಗೆ. ನೀರು ಸೇರಿದಷ್ಟೂ ಕುದಿಯುವ ಬಿಸಿ ಕೆಳಗೆ ಬರುತ್ತದೆ. ಡಾಟ್ ಅನ್ನುವುದು ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿವರೆಗೆ ತಡೆಯಬೇಕು, ಶೇ. 3.7ರಷ್ಟು ನೀರು ಸೇರಿದ ಮೇಲೆ 140. ಡಾಟ್ 4ಕ್ಕೆ ಇದು 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಮಲೆನಾಡಿನ ಎರಡು ಮೂರು ಮಳೆಗಾಲ ಕಂಡ ಆಯಿಲ್ ಮೊದಲನೇ ಅಂಕಿಯ ಹತ್ತಿರ ಇರುವುದಿಲ್ಲ, ಎರಡನೆಯದರ ಕಡೆ ಜಾರಿರುತ್ತದೆ. ಕುದಿದಾಗ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದಕ್ಕೇ ಹೋಗಿಬಿಡುತ್ತದೆ.

ಇದರಲ್ಲಿ ಒಂದು ಮೋಸ ಇದೆ. ಅರ್ಧ ಗಂಟೆ ನಿಲ್ಲಿಸಿದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಸರಿಹೋದ ಹಾಗೆ ಕಾಣಿಸುತ್ತದೆ. ‘ಈಗ ಸರಿಯಾಯ್ತು’ ಅಂತ ಜನ ಮತ್ತೆ ಟ್ರ್ಯಾಕ್‌ಗೆ ಇಳಿಯುತ್ತಾರೆ. ಇಳಿಯಬೇಡಿ. ಒಂದು ಸಲ ಕುದಿದ ಆಯಿಲ್ ಮತ್ತೆ ಕುದಿಯುತ್ತದೆ, ಅದೂ ಬೇಗ. ಓಡಿಸುವಾಗಲೇ ಹೀಗಾದರೆ ಪೆಡಲನ್ನು ಪಟಪಟ ಪಂಪ್ ಮಾಡಿ, ಗೇರ್ ಇಳಿಸಿ, ನೆಟ್ಟಗಿರುವ ಖಾಲಿ ಜಾಗ ನೋಡಿಕೊಂಡು ನಿಲ್ಲಿಸಿ.

ಬದಲಾಯಿಸುವಾಗ ಗ್ಯಾರೇಜ್‌ನಲ್ಲೇ ನಿಂತು ನೋಡಿ. ನನ್ನದೇ ಕಾರಿಗೆ ಒಂದು ಗ್ಯಾರೇಜ್‌ನವರು ಶೆಲ್ಫ್ ಮೇಲೆ ಮುಚ್ಚಳ ತೆಗೆದಿಟ್ಟಿದ್ದ ಅರ್ಧ ಡಬ್ಬಿ ಆಯಿಲ್ ಸುರಿದಿದ್ದರು. ಅದು ಎಷ್ಟು ದಿನದಿಂದ ನೀರು ಕುಡಿಯುತ್ತಾ ಕೂತಿತ್ತೋ ದೇವರಿಗೇ ಗೊತ್ತು. ಸೀಲ್ ಒಡೆಯದ ಡಬ್ಬಿ ಬೇಕು. ಬಾನೆಟ್ ಕೆಳಗಿರುವ ಕಾರಿನ ಆಯಿಲ್ ಡಬ್ಬಿಗೆ ಮಾತ್ರ ತುಂಬಿಸಿ ಕೈ ತೊಳೆದುಕೊಂಡರೆ ಆಗಲಿಲ್ಲ, ನಾಲ್ಕೂ ಚಕ್ರದಿಂದ ಹಳೆಯದು ಹೊರಗೆ ಬರಬೇಕು. ನಿಮ್ಮ ಮಟ್ಟಕ್ಕೆ ಹೊಸ ಡಾಟ್ 4 ಅಥವಾ 5.1 ಸಾಕು. 300 ಡಿಗ್ರಿ ದಾಟಿದರೂ ಕುದಿಯದ ರೇಸಿಂಗ್ ಆಯಿಲ್ ಕೂಡ ಸಿಗುತ್ತದೆ, ಅದನ್ನು ಬೇಗ ಬೇಗ ಬದಲಾಯಿಸುತ್ತಿರಬೇಕು. ಡಾಟ್ 5 ಮಾತ್ರ ಬೇಡವೇ ಬೇಡ. ಹೆಸರು ಹತ್ತಿರ ಇದ್ದರೂ ಅದು ಸಿಲಿಕೋನ್, ನಿಮ್ಮ ಕಾರಿನಲ್ಲಿರುವುದರ ಜೊತೆ ಬೆರೆಯುವುದಿಲ್ಲ.

ಪ್ಯಾಡ್ ಬಗ್ಗೆ ಬಹಳ ಜನ ಯೋಚಿಸದ ಮಾತೊಂದಿದೆ. ಡಿಸ್ಕ್‌ನ ಶಾಖಕ್ಕೂ ಆಯಿಲ್‌ಗೂ ನಡುವೆ ಅಡ್ಡ ನಿಂತಿರುವುದು ಪ್ಯಾಡ್. ದಪ್ಪ ಇದ್ದಷ್ಟೂ, ಆಯಿಲ್ ಒತ್ತಡದಿಂದ ಪ್ಯಾಡನ್ನು ನೂಕುವ ಪಿಸ್ಟನ್‌ಗೆ ಬಿಸಿ ತಟ್ಟುವುದು ನಿಧಾನ. ಅರ್ಧ ಸವೆದ ಪ್ಯಾಡ್ ಊರಲ್ಲಿ ಇನ್ನೊಂದು ವರ್ಷ ಬರಬಹುದು, ಟ್ರ್ಯಾಕ್‌ಗೆ ಬೇಡ. ಹಾಗಂತ ಪೂರ್ತಿ ರೇಸ್ ಪ್ಯಾಡ್ ಹಾಕಿಸಲು ಹೋಗಬೇಡಿ. ಅವು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಹಾಸನದಿಂದ ಮೈಸೂರು, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಹೋಗುವ ದಾರಿಯಲ್ಲಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇದೇ ಕಾರಿನಲ್ಲಿ ಇಳಿಯಬೇಕು ಅಲ್ವಾ? ರಸ್ತೆಗೂ ಆಗುವ, ಸ್ವಲ್ಪ ಜಾಸ್ತಿ ಬಿಸಿ ತಡೆಯುವ ಪ್ಯಾಡ್ ಸಾಕು. ಹೊಸದು ಹಾಕಿಸಿದ ಮೇಲೆ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡಿಕೊಂಡು, 80ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಪಳಗದ ಪ್ಯಾಡನ್ನು ನೇರವಾಗಿ ಟ್ರ್ಯಾಕ್‌ಗೆ ಒಯ್ದರೆ ಅದರಿಂದ ಗ್ಯಾಸ್ ಎದ್ದು ಹಿಡಿತ ತಪ್ಪುತ್ತದೆ.

ತೂತಿನ ಡಿಸ್ಕ್ ನೋಡಲು ಚೆಂದ. ಟ್ರ್ಯಾಕ್‌ನ ಬಿಸಿಗೆ ತೂತಿಂದ ತೂತಿಗೆ ಬಿರುಕು ಬಿಡುತ್ತದೆ. ಒಳಗೆ ಗಾಳಿ ಗೂಡಿರುವ ಸಾದಾ ಡಿಸ್ಕೇ ಒಳ್ಳೆಯದು.

ಗಾಳಿ ಪೈಪ್ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅರ್ಧ ಜನ ತಪ್ಪು ಜಾಗಕ್ಕೆ ಎಳೆಸುತ್ತಾರೆ. ಗೂಡಿನ ಡಿಸ್ಕ್ ಒಂದು ಫ್ಯಾನ್ ಇದ್ದ ಹಾಗೆ. ತಿರುಗುವಾಗ ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತದೆ. ಹಾಗಾಗಿ ಪೈಪಿನ ಬಾಯಿ ಡಿಸ್ಕ್‌ನ ನಡುವಿಗೆ, ಹಬ್ ಹತ್ತಿರಕ್ಕೆ ಬರಬೇಕು. ಮುಖದ ಮೇಲೆ ಊದಿಸಿದರೆ ಒಂದೇ ಮಗ್ಗುಲು ತಣ್ಣಗಾಗುತ್ತದೆ, ಒಳಗಿನ ಗೂಡಿಗೆ ಗಾಳಿ ಹೋಗುವುದೇ ಇಲ್ಲ. ಜೊತೆಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜಬಾರದು. ಪೋರ್ಷೆಯವರು 911 ಜಿಟಿ3 ಕಾರಿನಲ್ಲಿ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ಗೆ ಒಂದು ಪ್ಲಾಸ್ಟಿಕ್ ರೆಕ್ಕೆ ಹಾಕಿ ಕಾರಿನಡಿಯ ಗಾಳಿಯನ್ನು ಬ್ರೇಕ್ ಕಡೆ ತಿರುಗಿಸಿದ್ದಾರೆ. ಪೈಪೂ ಇಲ್ಲ, ಗೀಪೂ ಇಲ್ಲ! ಅದೇ ಉಪಾಯವನ್ನು ತಗಡು ಬಗ್ಗಿಸಿ ಮಾಡಬಹುದು. ನಾನೂ ಮಾಡಿಸಿದ್ದೆ. ತೋಟದ ರಸ್ತೆಯ ಒಂದು ಬಂಡೆ ಎರಡೇ ವಾರದಲ್ಲಿ ಕಿತ್ತುಹಾಕಿತು.

ಡಿಸ್ಕ್ ಹಿಂದಿನ ತಗಡನ್ನೇ ತೆಗೆಸಿ ಅಂತಲೂ ಯಾರಾದರೂ ಹೇಳುತ್ತಾರೆ. ಗಾಳಿ ಬರುತ್ತದೆ, ನಿಜ. ನಮ್ಮ ಕಡೆಯ ಜಲ್ಲಿ ರಸ್ತೆಯಲ್ಲಿ ಅದರ ಜೊತೆ ಕಲ್ಲೂ ಬರುತ್ತದೆ. ಡಿಸ್ಕ್‌ನ ಬಿಸಿ ಸಸ್ಪೆನ್ಷನ್ ಕೀಲಾದ ಬಾಲ್ ಜಾಯಿಂಟ್‌ನ ರಬ್ಬರ್‌ಗೆ ನೇರವಾಗಿ ಹೊಡೆಯುತ್ತದೆ. ನಾನು ಮುಟ್ಟಲಿಲ್ಲ. ಕಾಸು ಖರ್ಚಿಲ್ಲದೆ ಗಾಳಿ ಬೇಕಾದರೆ ವೀಲ್ ಕ್ಯಾಪ್ ಬಿಚ್ಚಿ ಮನೆಯಲ್ಲಿಟ್ಟು ಹೋಗಿ. ಸ್ಟೆಪ್ನಿ, ಜಾಕ್, ಡಿಕ್ಕಿಯಲ್ಲಿರುವ ಸಾಮಾನೆಲ್ಲ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ನಲ್ಲಿ ಇಳಿಸಿ.

ಇನ್ನು ಓಡಿಸುವ ರೀತಿ. ನೇರ ದಾರಿಯ ಕೊನೆಯಲ್ಲಿ 140ರ ಬದಲು 130 ಇರುವಾಗಲೇ ಆಕ್ಸಲರೇಟರ್ ಬಿಟ್ಟು ಬ್ರೇಕ್ ಹಿಡಿಯಿರಿ. ಹತ್ತೇ ಕಿ.ಮೀ. ಕಡಿಮೆ, ಶಾಖ ಮಾತ್ರ ಸುಮಾರು ಶೇ. 17 ಕಡಿಮೆ. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ಹಿಡಿದರೆ ಗಟ್ಟಿಯಾಗಿ ಹಿಡಿದು ಬೇಗ ಬಿಡಿ. ಎಳೆದಾಡಿಕೊಂಡು ಹೋದರೆ ಡಿಸ್ಕ್‌ಗೆ ಆರಲು ಸಮಯವೇ ಸಿಗುವುದಿಲ್ಲ, ಶಾಖ ಪ್ಯಾಡ್, ಪಿಸ್ಟನ್ ಕೂತಿರುವ ಕ್ಯಾಲಿಪರ್‌ವರೆಗೆ ಇಳಿಯುತ್ತದೆ. ಇಎಸ್‌ಪಿ (ಕಾರು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇದ್ದು ಅದರ ದೀಪ ಪದೇ ಪದೇ ಮಿಣುಕುತ್ತಿದ್ದರೆ, ನೀವು ಒತ್ತದಿದ್ದರೂ ಕಾರು ತಾನೇ ಬ್ರೇಕ್ ಹಿಡಿಯುತ್ತಿರಬಹುದು. ಅದನ್ನು ಆಫ್ ಮಾಡಿ ಅನ್ನುತ್ತಿಲ್ಲ, ತಿರುವಿನಲ್ಲಿ ಸ್ವಲ್ಪ ನಿಧಾನಿಸಿ. ಮೂರು ಸುತ್ತು ಜೋರಾಗಿ, ಒಂದು ಸುತ್ತು ಆರಾಮಾಗಿ. ಹೊಸಬರಿಗೆ ಈ ಲೆಕ್ಕ ಸರಿ.

ಕೊನೆಯ ಸುತ್ತಿನಲ್ಲಿ ಬ್ರೇಕ್ ಮುಟ್ಟಲೇಬೇಡಿ, ಗೇರ್‌ನಲ್ಲೇ ಇಳಿಸಿಕೊಂಡು ಪಿಟ್‌ಗೆ ಬನ್ನಿ. ದೋಸೆ ಕಾವಲಿ ನೆನಪಿಸಿಕೊಳ್ಳಿ. ಒಲೆ ಆರಿಸಿದ ಮೇಲೂ ಇನ್ನೊಂದು ದೋಸೆ ಹುಯ್ಯಬಹುದು. ಡಿಸ್ಕ್ ಕೂಡ ಅದೇ ಎರಕದ ಕಬ್ಬಿಣ. ಕಾರು ನಿಂತ ಕೂಡಲೇ ಗಾಳಿ ನಿಲ್ಲುತ್ತದೆ, ಒಳಗಿನ ಶಾಖವೆಲ್ಲ ಪ್ಯಾಡ್ ದಾಟಿ ಆಯಿಲ್‌ಗೆ ಬರುತ್ತದೆ. ಟ್ರ್ಯಾಕ್‌ನಲ್ಲಿ ಕುದಿಯದ ಆಯಿಲ್ ಪಿಟ್‌ನಲ್ಲಿ ನಿಂತಾಗ ಕುದಿಯುವುದು ಹೀಗೆ.

ನಾನು ಮೊದಲ ಸಲ ಮಾಡಿದ ತಪ್ಪೂ ಇಲ್ಲೇ. ಬಿಸಿ ಬಿಸಿ ಬಂದು ನಿಂತೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಐದು ನಿಮಿಷ ಹರಟಿದೆ, ಆಮೇಲೆ ಹ್ಯಾಂಡ್‌ಬ್ರೇಕ್ ಬೇರೆ ಎಳೆದೆ. ವಾಪಸ್ ಬರುವಾಗ ಬ್ರೇಕ್ ಹಿಡಿದರೆ ಸಾಕು, ಸ್ಟೀರಿಂಗ್ ನಡುಗುತ್ತಿತ್ತು. ‘ಡಿಸ್ಕ್ ಬೆಂಡಾಗಿದೆ, ಹೊಸದೇ ಹಾಕಬೇಕು’ ಅಂದರು ಗ್ಯಾರೇಜ್‌ನಲ್ಲಿ. ನಿಜಕ್ಕೂ ಆಗಿದ್ದು ಬಿಸಿ ಪ್ಯಾಡಿನ ಪುಡಿ ಡಿಸ್ಕ್‌ಗೆ ಒಂದೇ ಜಾಗದಲ್ಲಿ ಅಂಟಿಕೊಂಡಿದ್ದು. ಲೇತ್‌ನಲ್ಲಿ ತೆಳ್ಳಗೆ ಕೆರೆಸಿದ ಮೇಲೆ ಸರಿಹೋಯಿತು. ಈಗ ಫಸ್ಟ್ ಗೇರ್‌ಗೆ ಹಾಕಿ ಚಕ್ರಕ್ಕೊಂದು ಕಲ್ಲಿಡುತ್ತೇನೆ. ಹ್ಯಾಂಡ್‌ಬ್ರೇಕ್ ಇಲ್ಲ. ನಮ್ಮ ಘಾಟಿಯಲ್ಲಿ ಕೆಲವರು ಝರಿ ನೀರು ತಂದು ಕಾದ ಚಕ್ರಕ್ಕೆ ಎರಚುತ್ತಾರಲ್ಲ, ಅದನ್ನು ಮಾತ್ರ ಮಾಡಲೇಬೇಡಿ. ಕೆಂಪಗೆ ಕಾದ ಎರಕದ ಕಬ್ಬಿಣ ಹಾಗೆ ಬಿರುಕು ಬಿಡಬಹುದು.

ವಾಪಸ್ ಹೊರಡುವ ಮೊದಲು ಪೆಡಲ್ ಒತ್ತಿ ನೋಡಿ, ಆಯಿಲ್ ಮಟ್ಟ ನೋಡಿ, ಪ್ಯಾಡ್ ಎಷ್ಟು ಉಳಿದಿದೆ ನೋಡಿ. ದಿಂಬಂ ಬರುವಾಗ ಏರು, ಅದೊಂದು ಪುಣ್ಯ. ಇಷ್ಟೆಲ್ಲ ಮಾಡಿಯೂ ಮುಂದಿನ ಸಲ ಪೆಡಲ್ ಮೆತ್ತಗಾದರೆ ಇಲ್ಲೇ ಬರೆಯಿರಿ. ಎಷ್ಟನೇ ಸುತ್ತು, ಯಾವ ಆಯಿಲ್, ಪ್ಯಾಡ್ ಎಷ್ಟು ದಪ್ಪ ಇತ್ತು ಅಂತ ತಿಳಿಸಿ. ಆಗ ಪೈಪ್ ಎಲ್ಲಿಂದ ಎಳೆಸಬೇಕು ಅಂತ ನೋಡೋಣ.