ಹಾಡು ಕೇಳಿ ಇಂಗ್ಲಿಷ್ ಗ್ರಾಮರ್ ಕಲಿಯಬಹುದಾ?

ಖಂಡಿತ ಕಲಿಯಬಹುದು, ಆದರೆ ಸುಮ್ನೆ ಕೇಳಿದರೆ ಸಾಲದು. ಮಡಿಕೇರಿಯ ಮಳೆಗಾಲದಲ್ಲಿ ಮನೆಯೊಳಗೇ ಕೂತು ಮಗಳಿಗೆ ನಾನು ಕಲಿಸಿದ್ದು ಹೀಗೆ.

ಬಿಯಾನ್ಸೆ ಹಾಡಿದ 2008ರ ‘ಇಫ್ ಐ ವರ್ ಎ ಬಾಯ್’ ತೆಗೆದುಕೊಳ್ಳಿ. ‘ಐ’ ಜೊತೆ ‘ವಾಸ್’ ಬರಬೇಕಲ್ವಾ, ‘ವರ್’ ಯಾಕೆ? ಇದು ನಿಜವಲ್ಲ, ಬರೀ ಕಲ್ಪನೆ, ಅದಕ್ಕೆ. ನಾವು ‘ನಾನು ಹುಡುಗನಾಗಿದ್ದರೆ’ ಅನ್ನುತ್ತೇವಲ್ಲ, ಅದೇ ಅರ್ಥ. ಸಾಲು ಬಾಯಿಗೆ ಬಂದಮೇಲೆ ನಿಮ್ಮದೇ ವಾಕ್ಯ ಕಟ್ಟಿ. ಒದ್ದೆ ಕೊಡೆ ಮಡಚುತ್ತಾ ಮಗಳು ಕಟ್ಟಿದ್ದು: ‘ಇಫ್ ಐ ವರ್ ಇನ್ ಕುಶಾಲನಗರ, ಐ ವುಡ್ ಬಿ ಡ್ರೈ.’ ಎಷ್ಟು ಖುಷಿಯಾಯಿತು ಗೊತ್ತಾ!

ಹಾಡಿನಲ್ಲಿ ಪುಸ್ತಕದ ನಿಯಮ ಮುರಿಯುವುದೂ ಜಾಸ್ತಿ. ರೋಲಿಂಗ್ ಸ್ಟೋನ್ಸ್ ತಂಡದ 1965ರ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನಲ್ಲಿ ‘ಕಾಂಟ್ ಗೆಟ್ ನೋ’ ಎಂದಿದೆ; ‘ಕಾಂಟ್’, ‘ನೋ’ ಎಂದು ಒಂದೇ ಸಾಲಿನಲ್ಲಿ ಎರಡು ಸಲ ‘ಇಲ್ಲ’ ಅಂದ ಹಾಗೆ. ಪರೀಕ್ಷೆಯಲ್ಲಿ ‘ಕಾಂಟ್ ಗೆಟ್ ಎನಿ’ ಎಂದೇ ಬರೆಯಿರಿ.