ಒನ್-ಟನ್ ಪಿಕಪ್ ಮೇಲೆ ಭಾರದ ಕ್ಯಾಂಪರ್ ಕೂರಿಸಿದರೆ ವಾರಂಟಿ ಹೋಗುತ್ತದೆಯೇ?

ಫೋರ್ಡ್ ಕಂಪನಿಯ ಡೀಸೆಲ್ ಎಫ್-350 ಪಿಕಪ್ (ಒನ್-ಟನ್ ಅನ್ನುವುದು ಅದರ ವರ್ಗದ ಹೆಸರಷ್ಟೇ, ಹೊರುವ ಭಾರದ ಲೆಕ್ಕವಲ್ಲ) ಕೊಂಡು ಅದರ ಹಿಂದಿನ ತೆರೆದ ಬೆಡ್ ಮೇಲೆ ಸ್ಲೈಡ್-ಇನ್ ಕ್ಯಾಂಪರ್ (ಬೇಕಾದಾಗ ಇಳಿಸಿಡಬಹುದಾದ ಪುಟ್ಟ ಮನೆಯಂಥ ಪೆಟ್ಟಿಗೆ) ಕೂರಿಸಬೇಕು ಅಂದಿದ್ದೀರಿ. ತೂಕ ಸ್ವಲ್ಪ ಮೀರಿದರೂ ಹಿಂದೆ ಏರ್ ಸ್ಪ್ರಿಂಗ್ (ಗಾಳಿ ತುಂಬಿದ ಸ್ಪ್ರಿಂಗ್) ಹಾಕಿಸಿದರೆ ಸಾಕು ಅಂತ ಸೇಲ್ಸ್‌ಮನ್ ಹೇಳಿದ್ದಾರೆ. ನಾನು ಕೊಲರಾಡೊದಲ್ಲಿ ಇಂಥದ್ದೇ ಗಾಡಿ ಇಟ್ಟುಕೊಂಡಿದ್ದೇನೆ. ಅವರ ಮಾತು ನಂಬಬೇಡಿ.

ಏರ್ ಸ್ಪ್ರಿಂಗ್ ಗಾಡಿಯ ಹಿಂಭಾಗ ಕುಸಿಯದಂತೆ ಎತ್ತಿ ಹಿಡಿಯುತ್ತದೆ, ಅಷ್ಟೇ. ಆಕ್ಸಲ್, ಚಕ್ರ, ಟೈರು, ಫ್ರೇಮು ಎಲ್ಲವೂ ಹಳೆಯವೇ. ಚಾಲಕನ ಬಾಗಿಲು ತೆಗೆದರೆ ಕಾಣುವ ಲೇಬಲ್‌ನಲ್ಲಿ ಜಿವಿಡಬ್ಲ್ಯುಆರ್ (ತುಂಬಿದ ಗಾಡಿಯ ಒಟ್ಟು ತೂಕದ ಮಿತಿ) ಮತ್ತು ಪ್ರತಿ ಆಕ್ಸಲ್‌ನ ಮಿತಿ ಇರುತ್ತವೆ. ಆಮೇಲೆ ಏನು ಜೋಡಿಸಿದರೂ ಆ ಅಂಕಿ ಏರುವುದಿಲ್ಲ. ಅದೇ ಲೇಬಲ್‌ನಲ್ಲಿ 10,000 ಪೌಂಡ್ ಅಂತ ಇದೆಯೇ ಅಂತಲೂ ನೋಡಿ. ನೋಂದಣಿಯ ಅನುಕೂಲಕ್ಕೆ ಮಿತಿ ಇಳಿಸಿ ಮಾರುವ ಗಾಡಿಗಳಿವೆ. ಗಾಡಿಯ ಬಿಡಿಭಾಗಗಳು ಗಟ್ಟಿಯೇ ಇದ್ದರೂ ತಕರಾರು ಬಂದಾಗ ಲೆಕ್ಕಕ್ಕೆ ಬರುವುದು ಲೇಬಲ್ಲೇ.

ಬ್ರೋಷರ್‌ನ ದೊಡ್ಡ ಪೇಲೋಡ್ (ಗಾಡಿ ಹೊರಬಲ್ಲ ಭಾರ) ಸಿಗುವುದು ಎರಡು ಬಾಗಿಲಿನ, ಪೆಟ್ರೋಲ್ ಎಂಜಿನ್ನಿನ, ಏನೂ ಸೌಕರ್ಯವಿಲ್ಲದ ಮಾಡೆಲ್‌ಗೆ. ಡೀಸೆಲ್ ಎಂಜಿನ್, ನಾಲ್ಕು ಬಾಗಿಲು, ಫೋರ್-ವೀಲ್ ಡ್ರೈವ್ ಎಲ್ಲವೂ ಅದರಲ್ಲೇ ಪಾಲು ಕೇಳುತ್ತವೆ. ಉದಾಹರಣೆಗೆ ಮಿತಿ 11,400 ಪೌಂಡ್, ಟ್ಯಾಂಕ್ ತುಂಬಿಸಿ ಇಬ್ಬರು ಕೂತ ಗಾಡಿ 8,100 ಅಂತಿಟ್ಟುಕೊಳ್ಳಿ. ಉಳಿದದ್ದು 3,300. ಕ್ಯಾಂಪರ್‌ನ ಒಣ ತೂಕ (ನೀರು, ಸಾಮಾನು ಏನೂ ಇಲ್ಲದ ತೂಕ) 2,900 ಅಂದರೆ ಸಮಾಧಾನವಾಗುತ್ತದೆ. ಆದರೆ ನೀರು ಗ್ಯಾಲನ್‌ಗೆ 8.34 ಪೌಂಡ್, 40 ಗ್ಯಾಲನ್ ತುಂಬಿಸಿದರೆ ಅದೇ 330 ದಾಟಿತು. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ, ಪಾತ್ರೆ, ಅಕ್ಕಿಬೇಳೆ ಇನ್ನೂ ಬಾಕಿ.

ಇನ್ನು ವಾರಂಟಿ. ಮಿತಿ ಮೀರಿದ ಕೂಡಲೇ ಇಡೀ ವಾರಂಟಿ ರದ್ದಾಗುತ್ತದೆ ಅನ್ನುವುದು ಉತ್ಪ್ರೇಕ್ಷೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ, ಹೊರಗಿನ ಬಿಡಿಭಾಗ ಹಾಕಿಸಿದ್ದಷ್ಟನ್ನೇ ನೆಪ ಮಾಡಿ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಓವರ್‌ಲೋಡ್‌ನಿಂದ ಆದ ಹಾನಿಗೆ ಆ ಕಾಯ್ದೆ ರಕ್ಷಣೆ ಕೊಡುವುದಿಲ್ಲ, ವಾರಂಟಿ ಪುಸ್ತಕದಲ್ಲೇ ಅದನ್ನು ಹೊರಗಿಟ್ಟಿರುತ್ತಾರೆ. ಡ್ಯಾಶ್‌ಬೋರ್ಡಿನ ಸ್ಕ್ರೀನ್ ಕೆಟ್ಟರೆ ಕ್ಯಾಂಪರ್ ವಿಚಾರ ಯಾರೂ ಎತ್ತುವುದಿಲ್ಲ. ಹಿಂದಿನ ಆಕ್ಸಲ್, ವೀಲ್ ಬೇರಿಂಗ್, ಲೀಫ್ ಸ್ಪ್ರಿಂಗ್, ಫ್ರೇಮ್ ಕೈಕೊಟ್ಟರೆ ಮೊದಲ ಪ್ರಶ್ನೆಯೇ ಅದು. ಕೆಲವು ವರ್ಷಗಳ ಹಿಂದೆ ಮೆಕ್ಸಿಕೋದ ಬಾಹಾದಲ್ಲಿ ದೊಡ್ಡ ಕ್ಯಾಂಪರ್ ಹೊತ್ತ ಒನ್-ಟನ್ ಗಾಡಿಯೊಂದರ ಫ್ರೇಮ್ ಬಾಗಿದ ಫೋಟೋ ಎಲ್ಲೆಡೆ ಹರಿದಾಡಿತ್ತು. ತೂಕ ಮೀರಿದೆ ಅಂತ ಕಂಪನಿ ದುಡ್ಡು ಕೊಡಲು ಒಪ್ಪಲಿಲ್ಲ. ಹಿಂದಿನ ಚಕ್ರದಾಚೆ ಚಾಚಿಕೊಂಡ ಭಾರ, ಗುಂಡಿ ಸಿಕ್ಕಾಗಲೆಲ್ಲ ಫ್ರೇಮನ್ನು ಹಾರೆ ಹಾಕಿ ಮೀಟಿದಂತೆ ಮೀಟುತ್ತದೆ.

ನನ್ನನ್ನು ಕೇಳಿದರೆ ವಾರಂಟಿಗಿಂತ ಟೈರಿನ ಚಿಂತೆ ಮುಖ್ಯ. ಎಲ್‌ಟಿ275/70ಆರ್18 ಅಳತೆಯ, ಲೋಡ್ ರೇಂಜ್ ಇ (ಭಾರ ಹೊರುವ ದರ್ಜೆ) ಟೈರು 80 ಪಿಎಸ್‌ಐ ಗಾಳಿಯಲ್ಲಿ ಹೊರುವುದು 3,640 ಪೌಂಡ್, ಎರಡಕ್ಕೆ 7,280. ಕ್ಯಾಂಪರ್‌ನ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂದಿನ ಆಕ್ಸಲ್ ಮೇಲೇ ಬೀಳುವುದರಿಂದ, ಒಟ್ಟು ತೂಕ ಮಿತಿಯೊಳಗಿದ್ದೂ ಅಲ್ಲಿ ಮೀರಿರಬಹುದು. ಹಿಂದೆ ನಾಲ್ಕು ಟೈರಿನ ಡ್ಯುಯಲಿ ಇರುವುದೇ ಇದಕ್ಕೆ. ಪಾರ್ಕಿಂಗ್ ಕಷ್ಟ, ನಿಜ.

ಹಾಗಾಗಿ ಸಹಿ ಹಾಕುವ ಮೊದಲು ಟೆಸ್ಟ್ ಡ್ರೈವ್ ನೆಪದಲ್ಲಿ ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗೆ ಹೋಗಿ. ಅಲ್ಲಿನ ಕ್ಯಾಟ್ ಸ್ಕೇಲ್ ನಮ್ಮೂರ ವೇಬ್ರಿಜ್ ಥರದ್ದೇ, ಆದರೆ ಪ್ರತಿ ಆಕ್ಸಲ್‌ನ ತೂಕ ಬೇರೆಬೇರೆ ಬರೆದುಕೊಡುತ್ತದೆ. ಅಲ್ಲಿ ಬಂದ ಅಂಕಿಯನ್ನು ಲೇಬಲ್‌ನಿಂದ ಕಳೆಯಿರಿ. ಉಳಿದದ್ದರಲ್ಲಿ ನಿಮ್ಮ ಕ್ಯಾಂಪರ್ ಕೂರದಿದ್ದರೆ ಡ್ಯುಯಲಿಗೆ ಹೋಗಿ, ಇಲ್ಲವೇ ಮೇಲ್ಛಾವಣಿ ಮಡಚುವ ಹಗುರ ಪಾಪ್-ಅಪ್ ಕ್ಯಾಂಪರ್ ಹುಡುಕಿ. ಸೇಲ್ಸ್‌ಮನ್ ಆಗಲೂ 'ಏನೂ ಆಗಲ್ಲ ಬಿಡಿ' ಅಂದರೆ, ಕ್ಯಾಂಪರ್‌ನ ಮಾಡೆಲ್ ಹೆಸರು ಸಮೇತ ಅದನ್ನು ಬರೆದು ಸಹಿ ಮಾಡಿಕೊಡಿ ಅಂತ ಕೇಳಿ.