‘ಆಸ್ಕ್’ಗೂ ‘ರಿಕ್ವೆಸ್ಟ್’ಗೂ ಏನು ವ್ಯತ್ಯಾಸ? ‘ಆಸ್ಕ್’ ಅಂದರೆ ಒರಟು, ‘ರಿಕ್ವೆಸ್ಟ್’ ಅಂದರೆ ವಿನಯ ಅಲ್ವಾ? ಮ್ಯಾನೇಜರ್‌ಗೆ ಮೇಲ್ ಬರೆಯುವಾಗ ‘ಐ ರಿಕ್ವೆಸ್ಟ್ ಫಾರ್ ಡೇ ಶಿಫ್ಟ್’ ಅಂತ ಬರೆದರೆ ಸರಿನಾ?

ಸರಿಯಲ್ಲ. ‘ಆಸ್ಕ್’ ಅಂದರೆ ಒರಟು, ‘ರಿಕ್ವೆಸ್ಟ್’ ಅಂದರೆ ವಿನಯ ಅಂತ ನೀವು ಬರೆದಿದ್ದೀರಲ್ಲ, ಅದೂ ಸರಿಯಲ್ಲ. ಇದೇ ನಂಬಿಕೆ ನನಗೂ ಇತ್ತು. ಅದರಿಂದ ಕೈಗೆ ಬಂದಿದ್ದ ಒಂದು ಕೆಲಸ ತಪ್ಪಿಹೋಯಿತು.

ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ಇಂಗ್ಲಿಷಿನಲ್ಲಿ ಏನಾದರೂ ಕೇಳಿಕೊಂಡು ಬರೆದದ್ದು ಅಂದರೆ ಶಾಲೆಯ ರಜಾ ಅರ್ಜಿ ಮಾತ್ರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಗ ಬೇರೆ ಕಡೆ ಒಳ್ಳೆಯ ಆಫರ್ ಬಂತು. ಸಂಬಳ ಜಾಸ್ತಿ, ಆದರೆ ಬೇಗ ಸೇರಬೇಕು. ನನ್ನ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, 90 ದಿನ. ರಾಜೀನಾಮೆ ಕೊಟ್ಟು, ಬೇಗ ಬಿಟ್ಟುಕೊಡಿ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿದೆ. ಹಾಕಿದೆ ಅಂದುಕೊಂಡೆ. ನಿಜವಾಗಿ ನಾನು ಬರೆದದ್ದು ಇದು: ‘ಐ ರಿಕ್ವೆಸ್ಟ್ ಯೂ ರಿಗಾರ್ಡಿಂಗ್ ಮೈ ನೋಟಿಸ್ ಪೀರಿಯಡ್. ಕೈಂಡ್ಲಿ ಡೂ ದ ನೀಡ್‌ಫುಲ್.’

ಒಂದೇ ಸಾಲಿನ ಉತ್ತರ ಬಂತು. ನಿಮ್ಮ ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಪೀರಿಯಡ್ 90 ದಿನ ಅಂತ. ಆಗಲ್ಲ ಅಂತ ಹೇಳುತ್ತಿದ್ದಾರೆ ಅಂದುಕೊಂಡು ಸುಮ್ನಾದೆ. ಹೊಸ ಕಂಪನಿಯವರು ಸ್ವಲ್ಪ ದಿನ ಕಾದು ಆಫರ್ ವಾಪಸ್ ತಗೊಂಡರು. ಇಲ್ಲಿ ರಾಜೀನಾಮೆ ಆಗಲೇ ಒಪ್ಪಿಯಾಗಿತ್ತು. ಕೊನೆಗೆ ರಿಲೀವಿಂಗ್ ಲೆಟರ್ ತಗೊಳ್ಳೋಕೆ ಹೋದಾಗ ಎಚ್‌ಆರ್ ಮೇಡಂ, ‘ಮುಂದೆ ಎಲ್ಲಿ?’ ಅಂದರು. ನಡೆದದ್ದು ಹೇಳಿದೆ. ‘ಅಯ್ಯೋ, ಬೇಗ ಬಿಡಿ ಅಂತ ಒಂದು ಮಾತು ಕೇಳಬಾರದಿತ್ತಾ? ಉಳಿದ ದಿನಗಳಿಗೆ ದುಡ್ಡು ಕಟ್ಟಿಸಿಕೊಂಡು ಬೈಔಟ್ ಮಾಡಿಸಿಕೊಡ್ತಿದ್ದೆ. ಎಷ್ಟು ದಿನದ ನೋಟಿಸ್ ಅಂತ ಕೇಳ್ತಿದ್ದೀರಿ ಅಂದ್ಕೊಂಡೆ’ ಅಂದರು.

ಅವರ ಮೇಲೆ ನನಗೆ ಕೋಪವಿಲ್ಲ. ನನ್ನ ಮೇಲ್‌ನಲ್ಲಿ ಕೋರಿಕೆಯೇ ಇರಲಿಲ್ಲ. ಎಲ್ಲಿ ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ವಾಕ್ಯವೂ ಅದೇ ದಾರಿಯಲ್ಲಿದೆ.

‘ರಿಕ್ವೆಸ್ಟ್’ ಕ್ರಿಯಾಪದವಾದಾಗ, ಏನು ಬೇಕೋ ಅದು ನೇರವಾಗಿ ಅದರ ಬೆನ್ನಿಗೇ ಬರಬೇಕು. ‘ಐ ರಿಕ್ವೆಸ್ಟ್ ಆನ್ ಅರ್ಲಿ ರಿಲೀಸ್.’ ಮಧ್ಯೆ ‘ಫಾರ್’ ಇಲ್ಲ, ‘ರಿಗಾರ್ಡಿಂಗ್’ ಇಲ್ಲ. ಇಲ್ಲವೇ ವ್ಯಕ್ತಿಯನ್ನು ಹೇಳಿ, ‘ಟು’ ಹಾಕಿ, ಅವರು ಮಾಡಬೇಕಾದ ಕೆಲಸ ಹೇಳಬೇಕು: ‘ಐ ರಿಕ್ವೆಸ್ಟ್ ಯೂ ಟು ರಿಲೀವ್ ಮಿ ಆನ್ ದ ಫಿಫ್ಟೀಂತ್.’ ಇಲ್ಲವೇ ‘ದಟ್’ ಹಾಕಬಹುದು: ‘ಐ ರಿಕ್ವೆಸ್ಟ್ ದಟ್ ಮೈ ಲಾಸ್ಟ್ ಡೇ ಬಿ ದ ಫಿಫ್ಟೀಂತ್.’ ಇಲ್ಲಿ ‘ಈಸ್’ ಅಲ್ಲ, ‘ಬಿ’ ಅನ್ನುವುದನ್ನು ಗಮನಿಸಿ. ನಾನು ‘ಐ ರಿಕ್ವೆಸ್ಟ್ ಯೂ’ ಅಂದೆ, ಏನು ಮಾಡಬೇಕು ಅಂತ ಹೇಳಲಿಲ್ಲ. ವಾಕ್ಯದಲ್ಲಿ ತಾರೀಕು ಇರಬೇಕಾದ ಜಾಗದಲ್ಲಿ ‘ನನ್ನ ನೋಟಿಸ್ ಪೀರಿಯಡ್ ಬಗ್ಗೆ’ ಅಂತ ಇತ್ತು. ಹಾಗೆ ಬರೆದರೆ ಓದುವವರು ಏನಂತ ತಿಳಿಯಬೇಕು? ಅದರ ಮೇಲೆ ‘ಡೂ ದ ನೀಡ್‌ಫುಲ್’ ಬೇರೆ. ಏನು ಅಗತ್ಯ ಅಂತ ನಾನೇ ಹೇಳದೆ, ಅಗತ್ಯವಾದದ್ದನ್ನು ಮಾಡಿ ಅಂದಿದ್ದೆ.

ಈ ‘ಫಾರ್’ ನಮಗೆ ಎಲ್ಲಿಂದ ಅಂಟಿಕೊಳ್ಳುತ್ತದೆ ಗೊತ್ತಾ? ನಾವು ಕನ್ನಡ ಮಾತಾಡುವಾಗ ‘ಲೀವ್‌ಗೆ ರಿಕ್ವೆಸ್ಟ್ ಮಾಡಿದೆ’ ಅನ್ನುತ್ತೇವೆ. ಅಲ್ಲಿ ಕ್ರಿಯಾಪದ ‘ಮಾಡು’. ‘ರಿಕ್ವೆಸ್ಟ್’ ಬರೀ ನಾಮಪದ. ಲೀವ್‌ಗೆ ಅನ್ನುವುದರಲ್ಲಿರುವ ‘ಗೆ’ ಇಂಗ್ಲಿಷಿಗೆ ಹೋದಾಗ ‘ಫಾರ್’ ಆಗುತ್ತದೆ. ನಾಮಪದಕ್ಕಾದರೆ ಅದು ತಪ್ಪೂ ಅಲ್ಲ. ‘ಮೈ ರಿಕ್ವೆಸ್ಟ್ ಫಾರ್ ಲೀವ್’ ಪೂರ್ತಿ ಸರಿ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಸೆಕ್ಷನ್ ಇಂಗ್ಲಿಷಿನಲ್ಲಿ ತೆಗೆದು ನೋಡಿ. ಮಾಹಿತಿ ಬೇಕಾದವರು ‘ಮೇಕ್ ಎ ರಿಕ್ವೆಸ್ಟ್’ ಅಂತ ಇದೆ. ಅಲ್ಲೂ ಅದು ನಾಮಪದವೇ. (ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಕೇಳುವವರಿಗೆ ಇಷ್ಟು ಮರ್ಯಾದೆ ಕೊಟ್ಟ ಕಾನೂನು ಅಂತ ನನಗೆ ಅದರ ಮೇಲೆ ತುಂಬಾ ಗೌರವ.) ನಾಮಪದದ ‘ಫಾರ್’ ತಂದು ಕ್ರಿಯಾಪದಕ್ಕೆ ಸಿಕ್ಕಿಸುವುದರಿಂದ ‘ಐ ರಿಕ್ವೆಸ್ಟ್ ಫಾರ್’ ಹುಟ್ಟುತ್ತದೆ. ಭಾರತದ ಆಫೀಸುಗಳಲ್ಲಿ ಇದನ್ನು ಎಲ್ಲರೂ ಬರೆಯುತ್ತಾರೆ, ಎಲ್ಲರಿಗೂ ಅರ್ಥವೂ ಆಗುತ್ತದೆ. ಆದರೂ ಬರೆಯಬೇಡಿ. ಹೊರದೇಶದ ಕ್ಲೈಂಟ್ ಓದಿದರೆ ಎಡವುತ್ತಾರೆ.

‘ಆಸ್ಕ್’ ಇದಕ್ಕೆ ತಿರುವುಮುರುವು. ಅಲ್ಲಿ ವಸ್ತು ಬೇಕಾದರೆ ‘ಫಾರ್’ ಬೇಕೇ ಬೇಕು. ಕನ್ನಡದಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ, ಸಾಲವನ್ನೂ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಮಾಹಿತಿಗೆ ‘ಆಸ್ಕ್ ಹಿಮ್ ದ ಟೈಮ್’, ವಸ್ತುವಿಗೆ ‘ಆಸ್ಕ್ ಹಿಮ್ ಫಾರ್ ದ ಕೀ’. ‘ಪರ್ಮಿಷನ್’, ‘ಫೇವರ್’ ಥರದ ಒಂದೆರಡು ಪದಗಳಿಗೆ ‘ಫಾರ್’ ಇಲ್ಲದೆಯೂ ನಡೆಯುತ್ತದೆ. ‘ಅವರ ಹತ್ರ ಕೇಳಿದೆ’ ಅನ್ನೋ ಅಭ್ಯಾಸದಲ್ಲಿ ‘ಆಸ್ಕ್ಡ್ ಟು ಹಿಮ್’ ಅಂತ ಮಾತ್ರ ಬರೆಯಬೇಡಿ.

ಈಗ ವಿನಯದ ವಿಷಯ. ವಿನಯ ಕ್ರಿಯಾಪದದಲ್ಲಿ ಇರುವುದಿಲ್ಲ. ‘ಯೂ ಆರ್ ರಿಕ್ವೆಸ್ಟೆಡ್ ಟು...’ ಅನ್ನೋ ಬೋರ್ಡು ಬ್ಯಾಂಕು, ಆಸ್ಪತ್ರೆ, ಲೈಬ್ರರಿ ಎಲ್ಲ ಕಡೆ ನೋಡಿರುತ್ತೀರಿ. ಅದು ಮೇಲಿನವರು ಹಾಕಿದ ನಿಯಮ, ಕೋರಿಕೆಯ ಅಂಗಿ ತೊಟ್ಟ ಆಜ್ಞೆ. ಅದೇ ವಾಕ್ಯವನ್ನು ನೀವು ಮ್ಯಾನೇಜರ್‌ಗೆ ಬರೆದರೆ ಅವರಿಗೇ ಸರ್ಕ್ಯುಲರ್ ಕಳಿಸಿದ ಹಾಗಾಗುತ್ತದೆ! ಪಕ್ಕದ ಟೇಬಲ್ಲಿನ ಗೆಳೆಯನಿಗೆ ‘ಐ ರಿಕ್ವೆಸ್ಟ್ ಯುವರ್ ಪೆನ್’ ಅಂದರೆ ಏನೋ ಜಗಳವಾಗಿದೆ ಅಂದುಕೊಳ್ಳುತ್ತಾನೆ. ‘ರಿಕ್ವೆಸ್ಟ್’ನಲ್ಲಿ ಇರುವುದು ದೂರ, ಔಪಚಾರಿಕತೆ. ವಿನಯ ಬರುವುದು ‘ಕುಡ್ ಐ’, ‘ವುಡ್ ಇಟ್ ಬಿ ಪಾಸಿಬಲ್’ ಅನ್ನೋ ಪ್ರಶ್ನೆಯ ರೂಪದಿಂದ. ಬೇಡ ಅನ್ನೋಕೆ ಎದುರಿನವರಿಗೆ ಅಲ್ಲಿ ಜಾಗ ಇರುತ್ತದೆ ಅಲ್ವಾ, ಅದಕ್ಕೆ.

ಹಾಗಾಗಿ ‘ಆಸ್ಕ್’ ಹಾಕಲಾ ‘ರಿಕ್ವೆಸ್ಟ್’ ಹಾಕಲಾ ಅನ್ನೋ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎರಡೂ ಬೇಡ. ಕೇಳುತ್ತಿದ್ದೇನೆ ಅಂತ ಹೇಳಬೇಕಾಗಿಲ್ಲ, ಕೇಳಿದರೆ ಸಾಕು. ‘ಕುಡ್ ಐ ಮೂವ್ ಟು ದ ಡೇ ಶಿಫ್ಟ್ ಫ್ರಮ್ ನೆಕ್ಸ್ಟ್ ಮಂಡೇ?’ ಇದು ನಿಮ್ಮ ಮೇಲ್‌ನ ಮೊದಲ ಸಾಲಾಗಲಿ. ಕಾರಣ ಎರಡನೇ ಸಾಲಿನಲ್ಲಿ, ಇದ್ದದ್ದು ಇದ್ದ ಹಾಗೆ. ಸಬ್ಜೆಕ್ಟ್ ಲೈನಿನಲ್ಲಿ ಬೇಕಾದರೆ ‘ರಿಕ್ವೆಸ್ಟ್ ಫಾರ್ ಡೇ ಶಿಫ್ಟ್’ ಅಂತ ಹಾಕಿ, ಅಲ್ಲಿ ಅದು ನಾಮಪದ, ಸರಿಯಾಗೇ ಇದೆ. ಉತ್ತರ ಬಂದು, ಅದರಲ್ಲಿ ಹೌದೂ ಇಲ್ಲ, ಇಲ್ಲವೂ ಇಲ್ಲ ಅಂತಾದರೆ ನನ್ನ ಹಾಗೆ ಸುಮ್ಮನೆ ಕೂರಬೇಡಿ. ಅವತ್ತೇ ಅವರ ಡೆಸ್ಕಿಗೆ ಹೋಗಿ ಬಾಯಿಬಿಟ್ಟು ಕೇಳಿ.